ನಡುವೆ ಓಡಾಡುವವಳು

ಮೇ ತಿಂಗಳ ಎರಡನೇ ವಾರ. ಒಂಟಾರಿಯೊ.
ಕಾನಸ್ಟೋಗೊ ಹೊಳೆಯ ಮೇಲ್ದಂಡೆಯ ಮೇಪಲ್ ತೋಪಿನಲ್ಲಿ
ಲವೀನಾ ಬೌಮನ್ ಮೊಣಕಾಲೂರಿ ಕೂತು
ಬೆಳ್ಳುಳ್ಳಿ ಸಾಸಿವೆ ಕೀಳುತ್ತಿದ್ದಳು. ಬುಡದಲ್ಲಿ ಹಿಡಿದು,
ಜಗ್ಗದೆ, ಅಲ್ಲಾಡುವ ಹಾಲುಹಲ್ಲು ತೆಗೆಯುವ ಹಾಗೆ.
ಬೇರು ಕುಡುಗೋಲಿನಂತೆ ಬಾಗಿರುತ್ತದೆ; ತುಂಡಾದರೆ ಮತ್ತೆ ಚಿಗುರು.
ಬಿಳಿ ಹೂ, ನಾಲ್ಕೇ ಎಸಳು. ಎಲೆ ಹೊಸಕಿದರೆ
ಇಡೀ ಕಾಡಿಗೆ ಯಾರೋ ಒಗ್ಗರಣೆ ಹಾಕಿದ ಘಾಟು.

ನಾನು ಟೌನ್‌ಶಿಪ್ಪಿನ ಸಂಬಳದವಳು. ನನ್ನ ಕೆಲಸ ಎಣಿಕೆ:
ಮೀಟರು ಚೌಕದ ಮರದ ಕಟ್ಟು ನೆಲಕ್ಕಿಟ್ಟು
ಒಳಗೆ ಸಾಸಿವೆ ಎಷ್ಟು, ಮೇಪಲ್ ಸಸಿ ಎಷ್ಟು, ಬರೆಯುವುದು.
ನಲವತ್ತಾರು. ಸೊನ್ನೆ.
ಐವತ್ತೆರಡು. ಸೊನ್ನೆ.
ಮೂವತ್ತೊಂಬತ್ತು. ಒಂದು,
ಅದೂ ಹಳದಿಗೆ ತಿರುಗಿದ್ದು, ಎರಡೇ ಎಲೆಯದ್ದು.

"ಇದು ಸಸಿಗೆ ವಿಷ ಹಾಕುತ್ತದಂತಲ್ಲ?"

ಹೆಚ್ಚಾಗಿ ಸಸಿಗಲ್ಲ, ಎಂದೆ.
ಮಣ್ಣೊಳಗೆ ಕೂದಲಿಗಿಂತ ತೆಳ್ಳನೆಯ ಬೂಷ್ಟಿನ ಎಳೆಯೊಂದಿದೆ,
ಬೇರಿಂದ ಬೇರಿಗೆ ಓಡಾಡುವವಳು.
ಎಲ್ಲಿಂದಲೋ ಚಿಟಿಕೆ ರಂಜಕ, ಬೊಗಸೆ ನೀರು ತಂದುಕೊಟ್ಟು
ಕೂಲಿಗೆ ಒಂದಿಷ್ಟು ಸಕ್ಕರೆ ಸೆರಗಿಗೆ ಕಟ್ಟಿಕೊಂಡು ಹೋಗುವವಳು.
ಆ ಮನೆಯ ಉಪ್ಪು ಈ ಮನೆಗೆ, ಈ ಮನೆಯ ಕೆಂಡ ಆ ಮನೆಗೆ.
ಸಾಸಿವೆಗೆ ಅವಳ ಹಂಗಿಲ್ಲ,
ತನ್ನದನ್ನು ತಾನೇ ದುಡಿದುಕೊಳ್ಳುತ್ತದೆ.
ಅವಳ ದಾರಿಗೆ ಬೇರಿನಿಂದೊಂದು ಹನಿ ಬಿಡುತ್ತದೆ, ಅಷ್ಟೆ.
ಮೇಪಲ್ ಕೂಸಿಗೆ ಏಟಿಲ್ಲ, ಗಾಯವಿಲ್ಲ.
ಬಾಗಿಲಲ್ಲಿ ಕಾಯುತ್ತದೆ.
ಯಾರೂ ಬರುವುದಿಲ್ಲ.

ಲವೀನಾಳ ಕೈ ನಿಂತಿತು. ಕಪ್ಪು ಬಾನೆಟ್ಟಿನ ಅಂಚಿನಲ್ಲಿ ಒಂದು ಸೊಳ್ಳೆ.
"ನಮ್ಮಲ್ಲಿಗೆ ಸಲೀನಾಳ ಮಗಳು ಬರುತ್ತಿದ್ದಳು,
ರಸ್ತೆಯಾಚೆಯಿಂದ. ರೊಟ್ಟಿಹಿಟ್ಟಿನ ಹೆಪ್ಪು ಹಿಡಿದುಕೊಂಡು,
ಕೌದಿಯ ಮಾದರಿ ಹಿಡಿದುಕೊಂಡು, ಮೂಗು ಸುರಿಸಿಕೊಂಡು.
ನಮ್ಮ ಈನಸ್ ಒಂದು ದಿನ ಅವಳನ್ನು ಬೆಂಚಿನ ಮೇಲೆ ಕೂರಿಸಿ
ಬೇಲಿಯ ವಿಚಾರ ಏನೋ ಕೇಳಿದ.
ಗದರಲಿಲ್ಲ. ಮೆತ್ತಗೇ ಕೇಳಿದ.
ಆಮೇಲೆ ಬರಲಿಲ್ಲ.
ಹದಿನೇಳು ಈಸ್ಟರು."
ಮತ್ತೆ ಬೇರು ಬಿಡಿಸಿಕೊಳ್ಳುವ ಸಣ್ಣ ಸದ್ದು, ಒಂದು, ಇನ್ನೊಂದು.

ಪೂರ್ವದ ಇಳಿಜಾರಿನ ಸಾಸಿವೆ ಎಲ್ಲಕ್ಕಿಂತ ಹಳೆಯದು.
ಈನಸನ ಮುತ್ತಜ್ಜಿ ಸೊಪ್ಪಿನ ಸಾರಿಗೆಂದು ಬಿತ್ತಿದ್ದಂತೆ,
ಹಿಮ ಕರಗಿದೊಡನೆ ಹಸಿರು ಕಾಣಬೇಕೆಂದು.
ಅಲ್ಲಿ ನನ್ನ ಲೆಕ್ಕ ತಪ್ಪಿತೇನೋ ಎಂದು ಎರಡು ಸಲ ಎಣಿಸಿದೆ:
ಹದಿನೆಂಟು. ನಾಲ್ಕು.
ಬಹಳ ಕಾಲ ಬೀಡುಬಿಟ್ಟಲ್ಲಿ ವಿಷ ತೆಳುವಾಗುತ್ತದೆ, ಎಂದೆ.
ವಿಷ ಅರೆಯುವುದಕ್ಕೂ ಖರ್ಚಿದೆ.
ಸುತ್ತ ತನ್ನವರೇ ಉಳಿದ ಮೇಲೆ
ಯಾರಿಗೆಂದು ಅರೆಯುವುದು?
ಕಡಿಮೆ ಅರೆದದ್ದೇ ಕೊನೆಗೆ ಹೆಚ್ಚು ಬೀಜ ಕಟ್ಟುತ್ತದೆ.

"ಎಷ್ಟು ವರ್ಷ ಬೇಕು?"
ಐವತ್ತು. ಹೆಚ್ಚೂ ಆದೀತು.
"ನನಗೀಗ ಎಪ್ಪತ್ತನಾಲ್ಕು," ಎಂದು
ಮುಂದಿನ ಗಿಡಕ್ಕೆ ಬಗ್ಗಿದಳು.

ಸಂಜೆಗೆ ಹನ್ನೊಂದು ಕಪ್ಪು ಚೀಲ.
ಕಿತ್ತ ಮೇಲೂ ಹೂ ಸುಮ್ಮನಿರುವುದಿಲ್ಲ,
ಬಿದ್ದಲ್ಲೇ ಬೀಜ ಬಲಿಸಿಕೊಳ್ಳುತ್ತದೆ; ಬಾಯಿ ಬಿಗಿಯಾಗಿ ಕಟ್ಟಬೇಕು.
ಕುದುರೆಗಾಡಿಗೆ ಹತ್ತುವ ಮುಂಚೆ ಲವೀನಾ
ಒಂದರ ಗಂಟು ಬಿಚ್ಚಿ, ಎಳೆ ಎಲೆ ಆರಿಸಿ
ಒಂದು ಹಿಡಿ ಏಪ್ರನ್ನಿನಲ್ಲಿ ಸುತ್ತಿಕೊಂಡಳು.
"ಸಲೀನಾ ಇದರ ಸಾರು ಚೆನ್ನಾಗಿ ಮಾಡುತ್ತಿದ್ದಳು."
ಕುದುರೆಗೆ ಹೇಳಿದಳೋ ನನಗೋ.

ರಸ್ತೆಗಿಳಿದ ಗಾಡಿ ಎಡಕ್ಕೆ ಹೋಯಿತೋ ಬಲಕ್ಕೋ, ನೋಡಲಿಲ್ಲ.
ಒಂದು ಚೌಕ ಬಾಕಿಯಿತ್ತು, ಬೆಳಕು ಹೋಗುತ್ತಿತ್ತು.
ಇಪ್ಪತ್ತೆರಡು. ಮೂರು.
ಪೆನ್ಸಿಲಿಗೂ ಬೆಳ್ಳುಳ್ಳಿ ವಾಸನೆ ಹತ್ತಿತ್ತು.