ಗದ್ದಲಿದ್ದ ಕೋಣಿ

ಶಹಾಬಾದ. ಮೇ ತಿಂಗಳು. ಕರೆಂಟಿಲ್ಲ.
ಫರಸಿ ನೆಲಕ್ಕ ಬೆನ್ನು ಹಚ್ಚಿ ಇಬ್ಬರೂ
ಒಂದ ಮೊಬೈಲಿನೊಳಗ ಸಮುದ್ರ ಹುಡುಕತೇವಿ.

ಭಿಶಿ ಎತ್ತಿದ ರೊಕ್ಕ ಹದಿನೆಂಟು ಸಾವಿರ,
ಲಗ್ನಾಗಿ ಹತ್ತೊಂಬತ್ತು ವರ್ಷ.
ಇದರಾಗ ಈಜುಕೊಳ ಅದ, ಅಂತಾರ ಇವರು.
ಸಮುದ್ರದ ಬಾಜೂಕ ಕೊಳ ಯಾಕ್ರಿ?
ಇನ್ನೊಂದರಾಗ ಹಾಸಿಗಿ ಮ್ಯಾಲ ಟವೆಲಿನ ಹಂಸ;
ಅದನ್ನ ಬಿಚ್ಚಿ ಮೈ ಒರಸಲಿಕ್ಕ
ಮನಸರ ಹ್ಯಾಂಗ ಬಂದೀತು?
ಮೂರನೇದರಾಗ ನಾಷ್ಟಾ ಫುಕಟ.
ಅದಕ್ಕ ನಾನೇ ಫೋನ್ ಹಚ್ಚಿದೆ.

ರಾತ್ರಿ ಕೋಣ್ಯಾಗ ಅಲಿ ಸಪ್ಪಳ ಕೇಳತದೇನ್ರಿ?
ಆ ಕಡಿ ಹುಡುಗ ಗಾಬರ್ಯಾದ:
‘ಹಿಂದಿನ ರೂಮ್ ಕೊಡ್ತೇವೆ ಮೇಡಂ,
ಏನೂ ಕೇಳಿಸೋದಿಲ್ಲ. ನಾನೂರು ಕಡಿಮೆ.’

ಹ್ಯಾಂಗ ಹೇಳಲಿ ಅವಗ,
ಲಗ್ನಕ್ಕಿಂತ ಮೊದಲಿಂದ
ಫರಸಿ ಕೊಯ್ಯೋ ಮಷೀನು
ಇವರ ಬಲಗಿವಿ ತಿಂದು
ಎಡಗಿವ್ಯಾಗ ಅರ್ಧ ಉಳಿಸ್ಯದ ಅಂತ.
ನಾ ಮೆಲ್ಲಕ ಮಾತಾಡಿ ಎಷ್ಟು ದಿನಾತು.

‘ಮುಂದಿಂದೇ ಕೊಡಪಾ’ ಅಂದೆ,
‘ಎಲ್ಲಾಕಿಂತ ಗದ್ದಲಿದ್ದದ್ದು.’

ಯಾವುದಾತು? ಅಂದರು ಇವರು.
ಒದರಿ ಹೇಳಿದೆ.
ಗ್ವಾಡಿ ಆಚಿಂದ ಮಶಾಕಬಿ:
‘ಎಷ್ಟು ದಿನಾ, ಜಗದೇವಿ?
ಕೀಲಿ ನಮ್ಮನ್ಯಾಗ ಇಟ್ಟು ಹೋಗ್ರಿ.’