ಉಸುಕಿನ ಹಕ್ಕರಕಿ

ಮಾಜಾಳಿ, ಮೊದಲನೇ ಟ್ರಿಪ್ಪು. ಡ್ರೈವರ್ ಚಾ ಕುಡ್ಯಾಕ ಹೋದ.
ಟಿಕೆಟ್ ಮಷೀನು ತೊಡಿಮ್ಯಾಲಿಟ್ಟು
ದಂಡಿಗೆ ಕುಂತಾಗ ಕಂಡದ್ದು:
ಉಸುಕಿಗೆ ಅಂಟಿ ಮಲಗಿದ ಎಲಿ, ಅಂಚಿಗೆ ಗರಗಸದ ಹಲ್ಲು,
ನಡುವ ಉಗುರಿನಷ್ಟು ಹಳದಿ ಹೂವು.

ಅಯ್ಯ, ನೀ ಇಲ್ಲಿ?

ಇಳಕಲ್ಲಿನ ಎರಿಹೊಲದಾಗ ಕಳೆ ಕೀಳೂ ಮುಂದ
ನಮ್ಮವ್ವ ಉಡಿಗೆ ಹಾಕ್ಕೋತಿದ್ಲು.
ತೊಳದು, ಹಸೀದೇ, ಖಡಕ್ ರೊಟ್ಟಿ, ಶೇಂಗಾ ಹಿಂಡಿ,
ಗುದ್ದಿದ ಉಳ್ಳಾಗಡ್ಡಿ.
ಕಹಿ ಅಂತ ಮಾರಿ ಕಿವುಚಿದ್ರ
‘ಕಹಿ ಉಂಡ ನಾಲಿಗಿಗೆ ನೀರೂ ಸಿಹಿ, ತಿನ್ನು.’

ಮುರದು ನೋಡಿದೆ. ಹಾಲು ಬಂತು.
ನಾಲಿಗಿಗೆ ಹಚ್ಚಿದೆ. ಅದೇ ಕಹಿ, ಹಿಂದ ಒಂದೀಟು ಉಪ್ಪು.
ಇಲ್ಲ, ಇದು ಹಕ್ಕರಕಿ ಅಲ್ಲ.
ಅದು ನಿಂತು ಬೆಳೀತೈತಿ, ಇದು ತೆವಳತೈತಿ:
ದಾರದಂಥ ಬಳ್ಳಿ, ಗೇಣಿಗೊಂದು ಗಂಟು,
ಗಂಟಿಗೊಂದು ಬೇರು, ಬೇರಿಗೊಂದು ಹೊಸಾ ಸಂಸಾರ.

‘ಪಾತ್ರಿ ಗೋ ತೀ,’ ಅಂದ್ಲು ಶೇವಂತಿ ಹರಿಕಂತ್ರ,
ಬುಟ್ಟಿ ಲಗೇಜಿಗೆ ದಿನಾ ನನ್ನ ಕೂಡ ಜಗಳಾಡೂ ಬಾಯಿ.
‘ಹೂ ಆಗುಕಿಂತ ಮುಂಚೆ ಕೊಯ್ಯುಕು.
ಬೇರು ಕೀಳುಕಾಗ. ಮರಳು ಹಿಡ್ಕಂಡದ್ದೇ ಅದು.’

ಕಾಯಿತುರಿ, ಒಣ ಶೆಟ್ಲಿ ಹಾಕಿ ಬಾಡಿಸಿದ್ಲು.
ಶೆಟ್ಲಿ ಬೀಳೂ ಮೊದಲ ನನ್ನ ಪಾಲು ಬ್ಯಾರೆ ತಗದಿಟ್ಟಿದ್ಲು.
ನಾ ಕೇಳಿದ್ದಿಲ್ಲ.
ಅವತ್ತಿನಿಂದ ಆಕಿ ಬುಟ್ಟಿಗೆ ಟಿಕೆಟ್ ತಗಿಯೂ ಮುಂದ
ಬೆರಳು ತಡೀತೈತಿ.
ತಗೀತೀನಿ, ಖರೆ.

ಆಮ್ಯಾಲ ಬೆಳಸೂ ಹುಚ್ಚು.
ಊರಿಂದ ಡಬ್ಬಿ ತುಂಬ ಎರಿಮಣ್ಣು ತಂದು ನೆಟ್ಟೆ,
ತವರಮಣ್ಣು ಅಂತ. ನಾಕ ದಿನಕ್ಕ ಕೊಳೀತು.
ಕರಿಮಣ್ಣು ನೀರು ಕೈ ಬಿಡೂದಿಲ್ಲ,
ಇದಕ್ಕ ಆ ಹಿಡಿತ ಬ್ಯಾಡ.

ಶೇವಂತಿ ನಕ್ಕು ಒಡದ ಥರ್ಮಾಕೋಲ್ ಪೆಟ್ಟಿಗಿ ಕೊಟ್ಲು,
ನಿನ್ನೆತನಾ ಬಂಗಡಿ ಇದ್ದದ್ದು.
ತಳಕ್ಕ ತೂತು. ತುಂಬ ದಂಡಿ ಉಸುಕು.
‘ನೀರು ಸ್ವಲ್ಪ ಸಾಕು. ಮುದ್ದು ಮಾಡುಕೆ ಹೋಗ್ಬೇಡ.’

ಈಗ ಡಿಪೋ ಕ್ವಾರ್ಟರ್ಸಿನ ಮೂರನೇ ಮಾಳಿಗಿ.
ಹೂವು ಹೊತ್ತು ಏರೂದ್ರಾಗ ಮುಚ್ಚತೈತಿ,
ಡ್ಯೂಟಿ ಮುಗಿಸಿ ಬಂದ ನನಗ ಬರೇ ಮುಷ್ಟಿ.
ಬಿರದದ್ದು ನೋಡೂದು ರಜೆ ಇದ್ದ ದಿನ ಅಷ್ಟೇ.
ಬೀಜದ ಬಿಳಿ ತುಪ್ಪಳ ಹಾರಿ
ಪಕ್ಕದ ಮನಿ ಪರದೆಗೆ ಸಿಕ್ಕೊಂಡಾವು,
ಅವರು ಬೈತಾರ.

ಬಳ್ಳಿ ಪೆಟ್ಟಿಗಿ ಅಂಚು ದಾಟೈತಿ.
ಗಾಳಿಯೊಳಗ ಜೋತುಬಿದ್ದು ಒಂದು ಗಂಟು ಹಾಕೈತಿ,
ಗಂಟಿನಿಂದ ನೂಲಿನಷ್ಟು ಮೂರು ಬಿಳಿ ಬೇರು
ಕೆಳಗ ಮೂವತ್ತು ಅಡಿ
ಏನೂ ಇಲ್ಲದ್ದಕ್ಕ ಚಾಚಿ.

ತಂಬಿಗಿಗೆ ಉಸುಕು ತುಂಬಿ, ಹಗ್ಗ ಕಟ್ಟಿ,
ಅದರ ಕಾಲಡಿ ಇಳಿಬಿಟ್ಟೇನಿ.