ಇಪ್ಪತ್ತೊಂಬತ್ತೂವರೆ

ಬೀದರಿನ ಉಸ್ಮಾನ್‌ಗಂಜಿನಲ್ಲಿ ಮೂರು ಮೆಟ್ಟಿಲು ಹತ್ತಿದರೆ
ಮಷೀನಿನ ಎಣ್ಣೆ ವಾಸನೆಯ ಅಂಗಡಿ, ಜುಲೇಖಾಬಿಯದು.
ಹದಿನಾರು ವರ್ಷದಿಂದ ಅದೇ ಮಾತು:
"ನಿಮ್ಮ ತೋಳಿಗಿ ಅರ್ಧ ಗೇಣು ಬಟ್ಟಿ ಹೆಚ್ಚಿಗಿ ತರ್ರಿ, ಕಂಡಕ್ಟರಬಾಯಿ."
ನಿಗಮ ಕೊಟ್ಟ ಖಾಕಿ ಅಂಗಿಯೂ
ಮಣಿಕಟ್ಟಿಗೆ ಎರಡು ಬೆರಳು ಮೊದಲೇ ನಿಂತುಬಿಡುತ್ತದೆ.

ಇವತ್ತು ಬಟ್ಟೆ ತಂದಿಲ್ಲ, ಟೇಪು ಸಾಕು ಅಂದೆ.
ಬಿಲ್ಲು ತರಿಸಬೇಕು.
"ಕರೆಂಟಿಂದಾ?"
ಅಲ್ಲ, ಬಾಣ ಬಿಡೋದು.
ಕನ್ನಡಕ ಹಣೆಗೇರಿತು. ಮಷೀನು ನಿಂತಿತು.

ಈತನಕ ಹಿಡಿದದ್ದು ಎರವಲಿನದು.
ಗುರುದ್ವಾರದ ಹತ್ತಿರ ರೂಮು ಮಾಡಿಕೊಂಡ
ಎಂಜಿನಿಯರಿಂಗ್ ಹುಡುಗ ಅಮರೀಕನ ಬಿಲ್ಲು,
ಐವತ್ತೆಂಟು ಇಂಚು, ಅವನ ಮೋಟು ತೋಳಿಗೆ ತಕ್ಕದ್ದು.
ಇಪ್ಪತ್ತಾರರ ತನಕ ಬೆಣ್ಣೆ.
ಇಪ್ಪತ್ತೆಂಟರಾಚೆ ಅದು
ಕೊಟ್ಟ ಸಾಲ ಕೇಳಿದಾಗ ಬಿಗಿಯುವ ಮುಖ.
ಹೆದೆ ಚೂಪಾಗಿ ಮಡಚಿ
ಮೂರು ಬೆರಳನ್ನು ಹಿಂಡಿ ಒಂದು ಮಾಡುತ್ತದೆ.
ಮರುದಿನ ಚಿಲ್ಲರೆ ಎಣಿಸುವಾಗ
ಒಂದು ರೂಪಾಯಿ ಯಾವುದು, ಎರಡು ಯಾವುದು,
ಬೆರಳಿಗೆ ಗೊತ್ತಾಗಲಿಲ್ಲ.

ಗೋಡೆಗೆ ಬೆನ್ನು ಕೊಟ್ಟು ಎರಡೂ ಕೈ ಚಾಚಿದೆ,
ಕ್ಯಾಲೆಂಡರಿನಿಂದ ಸ್ವಿಚ್‌ಬೋರ್ಡಿನ ತನಕ.
ನೂರಾ ಎಂಬತ್ತೆಂಟು ಸೆಂಟಿಮೀಟರು.
ಎರಡೂವರೆಯಿಂದ ಭಾಗಿಸಿ ಅಂದಿದ್ದ ಅಮರೀಕ.
ಬಟ್ಟೆ ಕತ್ತರಿಸುವ ಹಲಗೆಯ ಮೇಲೆ ಸೀಮೆಸುಣ್ಣ ಓಡಿತು.
ಎಪ್ಪತ್ತೈದು. ಇಂಚಿಗೆ ತಂದರೆ
ಇಪ್ಪತ್ತೊಂಬತ್ತೂವರೆ.

ಅಷ್ಟೇನಾ?
ಇಷ್ಟು ವರ್ಷ ತೋಳು ತೋಳು ಅನ್ನಿಸಿಕೊಂಡವಳಿಗೆ
ಮೂವತ್ತೊಂದಾದರೂ ಬೇಡವೇ?
ಲೆಕ್ಕ ಅಂದಾಜಿನದು, ಎಳೆದೇ ನೋಡೋಣ ಅಂದೆ.
ಪರದೆಯ ಕೋಲೇ ಬಾಣ.
ಎದೆ ಉಬ್ಬಿಸಿ, ಭುಜ ಕಿವಿಗೆ ಮುಟ್ಟಿಸಿ,
ಕತ್ತು ಹಿಂದಕ್ಕೆ ಚೆಲ್ಲಿ ಎಳೆದೆ.
ನೋಡ್ರಿ, ಮೂವತ್ತೊಂದು!

ಜುಲೇಖಾಬಿ ನಕ್ಕಳು, ಬಾಯಲ್ಲಿ ಗುಂಡುಪಿನ್ನು.
"ಅಳತಿ ಕೊಡೋ ಹೆಣ್ಮಕ್ಕಳೆಲ್ಲ ಹೊಟ್ಟಿ ಒಳಗ ಎಳ್ಕೋತಾರ,
ನೀವು ಎದಿ ಹೊರಗ ಹಾಕ್ಲತ್ತೀರಿ.
ಎರಡೂ ಒಂದೇ. ಹಂಗ ಹೊಲಿಸಿದ ಕುಬಸ
ಊಟಕ್ಕ ಕೂತಾಗ ಹರೀತದ.
ಉಸುರು ಬಿಡ್ರಿ."

ಬಿಟ್ಟೆ.
ಭುಜ ಇಳಿಯಿತು.
ಕೈ ತಾನಾಗಿ ಬಂದು ದವಡೆಯ ಮೂಲೆಗೆ ಕೂತಿತು,
ಸಂಜೆ ಹಟ್ಟಿಗೆ ಬಂದ ಎಮ್ಮೆಯ ಹಾಗೆ.
ಟೇಪು ಮತ್ತೆ ಅದನ್ನೇ ಹೇಳಿತು.

ರೆಕ್ಕೆಯ ಮೇಲೆ ಅಚ್ಚು ಹಾಕಿದ ತೂಕ
ಇಪ್ಪತ್ತೆಂಟು ಇಂಚು ಎಳೆಯುವವರದು.
ಮೂವತ್ತೈದು ಪೌಂಡು ಅಂತ ಬರೆದದ್ದು
ನನ್ನ ಕೈಗೆ ಬಂದಾಗ ಮೂವತ್ತೊಂಬತ್ತಾಗುತ್ತದೆ,
ಹಬ್ಬದ ದಿನ ಏರುವ ಆಟೋ ಬಾಡಿಗೆ.
ಅದಕ್ಕೇ ಮೂವತ್ತರದು ಬರೆಸಿದೆ, ಉದ್ದ ಅರವತ್ತೆಂಟು.
ಉದ್ದದ ಬಿಲ್ಲು ಸ್ವಲ್ಪ ನಿಧಾನ, ಅಕ್ಕಾ, ಅಂತಾನೆ ಅಮರೀಕ.
ಇರಲಿ. ಭಾಲ್ಕಿ ಬಸ್ಸೂ ನಿಧಾನವೇ.

ಇಡಿಯಾಗಿದ್ದರೆ ಬಸ್ಸಿನಲ್ಲಿ ಅದಕ್ಕೊಂದು ಸೀಟು ಬೇಕು.
ಇದು ಬಿಚ್ಚುವ ಬಿಲ್ಲು:
ನಡುವೆ ಹಿಡಿ, ಆಚೀಚೆ ರೆಕ್ಕೆ, ಎರಡು ಬೋಲ್ಟು.
ನನ್ನ ಸೀಟಿನ ಕೆಳಗೆ, ಊಟದ ಡಬ್ಬಿಯ ಪಕ್ಕ ಮಲಗುತ್ತದೆ.
ಮುಂದೆ ಭುಜ ಬಲಿತರೆ ರೆಕ್ಕೆಯಷ್ಟೇ ಬದಲು, ಹಿಡಿ ಅದೇ.
ಈ ಸವಲತ್ತು ನನ್ನ ಮೊಣಕಾಲಿಗಿಲ್ಲ.

ಎಷ್ಟು ಕೊಡಲಿ ಅಂದರೆ,
"ಬಟ್ಟಿ ಇಲ್ಲ, ಹೊಲಿಗಿ ಇಲ್ಲ, ಏನಂತ ತಗೋಲಿ?"
ಅಳತೆಯ ಪುಸ್ತಕ ತೆಗೆದು ನನ್ನ ಪುಟದಲ್ಲಿ
ತೋಳು, ಸುತ್ತಳತೆ, ಕೊರಳು, ಅದರ ಕೆಳಗೆ
ಉರ್ದುವಿನಲ್ಲಿ ಒಂದು ಹೊಸ ಸಾಲು ಬರೆದಳು.
ನನಗೆ ಓದಲು ಬಂದದ್ದು ಅಂಕಿ ಮಾತ್ರ.

ಪಾರ್ಸೆಲ್ಲಿಗೆ ಇನ್ನೂ ಹನ್ನೆರಡು ದಿನ.
ಅಷ್ಟೂರಿನ ಗುಮ್ಮಟಗಳಾಚೆ, ಕೆಂಪು ಕಲ್ಲು ತೆಗೆದ ಗುಂಡಿಯಲ್ಲಿ
ಹಳೆಯ ಖಾಕಿ ತುಂಬಿದ ಗೋಣಿಚೀಲ ಕಾಯುತ್ತಿದೆ.
ಅಲ್ಲಿಯ ತನಕ
ಹಲಬರ್ಗಾ ದಾಟಿದ ಮೇಲೆ, ಖಾಲಿ ಸೀಟುಗಳ ನಡುವೆ,
ಗಂಟೆಯ ಹಗ್ಗ ಹಿಡಿದ ಕೈ
ದವಡೆಯ ಮೂಲೆಗೆ ಬಂದು ನಿಲ್ಲುತ್ತದೆ.
ಉಸಿರು ಬಿಡುತ್ತೇನೆ.
ಡ್ರೈವರ್ ಗುಂಡೇರಾವ ಕನ್ನಡಿಯಲ್ಲಿ ನೋಡಿ ಕೂಗುತ್ತಾನೆ:
"ನಿಲ್ಲಿಸ್ಲೇನ್ರೀ, ಹೋಗ್ಲೀ?"